ದುಡಿಯುವ ಮೈಗೆ ದಿನಕ್ಕೆ ಹತ್ತು ನಿಮಿಷ

ನಮ್ಮ ವಾಚನಾಲಯಕ್ಕೆ ಸಂಜೆ ಏಳರ ಮೇಲೆ ಪತ್ರಿಕೆ ಓದಲು ಬರುವ ಬಂಧುಗಳನ್ನು ನಾವು ಬಹುದಿನಗಳಿಂದ ನೋಡುತ್ತ ಬಂದಿದ್ದೇವೆ. ಬಂದು ಕುಳಿತುಕೊಳ್ಳುವಾಗ ಎಲ್ಲರೂ ಒಂದೇ ತೆರ. ಏಳುವಾಗ ಮಾತ್ರ ಒಬ್ಬೊಬ್ಬರದು ಒಂದೊಂದು ತೆರ. ಒಬ್ಬರು ಬೆಂಚಿನ ಮೇಲೆ ಎರಡೂ ಕೈ ಊರಿ ಏಳುತ್ತಾರೆ. ಇನ್ನೊಬ್ಬರು ಸೊಂಟದ ಮೇಲೆ ಕೈಯಿಟ್ಟು, ನಾಲ್ಕು ಹೆಜ್ಜೆ ಬಗ್ಗಿಯೇ ನಡೆದು, ಆಮೇಲೆ ನೆಟ್ಟಗಾಗುತ್ತಾರೆ. ಮತ್ತೊಬ್ಬರು ಕುತ್ತಿಗೆಯನ್ನು ಎಡಕ್ಕೂ ಬಲಕ್ಕೂ ಹೊರಳಿಸಿ "ಲಟ್" ಎನ್ನಿಸಿ ಸಮಾಧಾನಪಟ್ಟುಕೊಂಡು ಚಪ್ಪಲಿ ಮೆಟ್ಟುತ್ತಾರೆ. ಇವರಲ್ಲಿ ಮುದುಕರು ಯಾರೂ ಇಲ್ಲ. ಇಪ್ಪತ್ತೈದರಿಂದ ನಲವತ್ತರ ಒಳಗಿನವರೇ ಹೆಚ್ಚು.

ವಿಮಾನ ನಗರವೆಂದರೆ ಹೊರಗಿನವರಿಗೆ ಲೋಹಗಾಂವದ ವಿಮಾನ ನಿಲ್ದಾಣವೂ ನಗರ ರಸ್ತೆಯ ಗಾಜಿನ ಕಚೇರಿಗಳೂ ನೆನಪಾಗುತ್ತವೆ. ಆ ಕಟ್ಟಡಗಳಿಗೆ ಇಟ್ಟಂಗಿ ಹೊತ್ತವರು, ಅವುಗಳ ಬಾಗಿಲಲ್ಲಿ ರಾತ್ರಿಯಿಡೀ ನಿಂತು ಕಾಯುವವರು, ಒಳಗೆ ನೆಲ ಒರೆಸುವವರು, ಲೆಕ್ಕ ಬರೆಯುವವರು, ಮೋಟಾರ್ ಸೈಕಲ್ಲಿನ ಮೇಲೆ ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುವವರು, ಇವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದ ನಮ್ಮವರು ಎಷ್ಟೋ ಮಂದಿ. ಇವರಿಗೆಲ್ಲ ಇರುವ ಬಂಡವಾಳ ಒಂದೇ: ತಮ್ಮ ಮೈ. ಊರಿನಲ್ಲಾದರೆ ನಡು ಹಿಡಿದಾಗ ಅಣ್ಣನೋ ತಮ್ಮನೋ ನಾಲ್ಕು ದಿನ ಹೊಲ ನೋಡಿಕೊಂಡಾರು. ಇಲ್ಲಿ ಒಂದು ದಿನ ಮಲಗಿದರೆ ಒಂದು ದಿನದ ಕೂಲಿ ಹೋಯಿತು; ವಾರ ಮಲಗಿದರೆ ಊರಿಗೆ ಕಳಿಸುವ ಹಣ ಹೋಯಿತು; ತಿಂಗಳು ಮಲಗಿದರೆ ಬಿಡಾರ ಕಿತ್ತು ರೈಲು ಹತ್ತಬೇಕಾಯಿತು.

ಈ ತೊಂದರೆ ನಮ್ಮ ಪೇಟೆಯೊಂದರದೇ ಅಲ್ಲ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನ ಸೊಂಟನೋವಿನಿಂದ ನರಳುತ್ತಿದ್ದರೆಂದೂ, ಮನುಷ್ಯನನ್ನು ಕೆಲಸಕ್ಕೆ ಬಾರದಂತೆ ಮಾಡುವ ಕಾರಣಗಳಲ್ಲಿ ಅದೇ ಮೊದಲನೆಯದೆಂದೂ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಇದಕ್ಕೆ ಕಾಸು ಖರ್ಚಿಲ್ಲದ ಒಂದು ಉಪಾಯ ಉಂಟು. ಅದು ಎಲ್ಲ ನೋವಿಗೂ ಮದ್ದಲ್ಲವಾದರೂ ನಿತ್ಯ ಮಾಡುವವರಿಗೆ ದುಡಿಮೆಯನ್ನು ಎಷ್ಟೋ ಹಗುರ ಮಾಡುತ್ತದೆ. ನಿದ್ದೆಯಿಂದ ಎದ್ದ ಕೂಸೂ ಬೆಕ್ಕೂ ಯಾರೂ ಹೇಳಿಕೊಡದೆ ಮಾಡುವ ಕೆಲಸವದು: ಮೈ ಚಾಚುವುದು. ಕಂಪನಿಯ ಹುಡುಗರು ಇದನ್ನೇ ಸ್ಟ್ರೆಚಿಂಗ್ ಎನ್ನುತ್ತಾರೆ.

ನಮ್ಮದೇ ಕಥೆ

ಬೇರೆಯವರ ಮಾತೇಕೆ, ನಮ್ಮದನ್ನೇ ಹೇಳುತ್ತೇವೆ. ನಾವು ಗಿರಣಿಯ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವವರು. ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತರೆ ಊಟದ ಹೊತ್ತಿಗೆ ಒಮ್ಮೆ, ಚಹಕ್ಕೆ ಒಮ್ಮೆ ಏಳುವುದು. ಹೈಸ್ಕೂಲಿನಲ್ಲಿ ಕಬಡ್ಡಿ ಆಡಿದ ಮೈ ಎಂಬ ಜಂಬ ಮಾತ್ರ ಉಳಿದಿತ್ತು. ಒಂದು ಮಾರ್ಚ್ ತಿಂಗಳ ಕೊನೆಯಲ್ಲಿ, ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ, ಕಪಾಟಿನ ಕೆಳಖಾನೆಯಿಂದ ವಹಿಗಳ ಕಟ್ಟೊಂದನ್ನು ಎತ್ತಲು ಬಗ್ಗಿದೆವು. ಕಟ್ಟು ಎದ್ದಿತು, ನಾವು ಏಳಲಿಲ್ಲ. ಸೊಂಟದಲ್ಲಿ ಯಾರೋ ಕೊಕ್ಕೆ ಹಾಕಿದಂತಾಯಿತು. ಇಬ್ಬರು ಹಿಡಿದು ರಿಕ್ಷಾದಲ್ಲಿ ಕೂಡಿಸಿದರು.

ಮೂರು ದಿನ ಚಾಪೆಯ ಮೇಲೆ ಅಲುಗದೆ ಮಲಗಿದೆವು. ಅದೂ ತಪ್ಪೆಂದು ಆಮೇಲೆ ತಿಳಿಯಿತು. ಸಾಮಾನ್ಯ ಸೊಂಟನೋವಿಗೆ ಬಹಳ ದಿನ ಮಲಗುವುದರಿಂದ ಹಾನಿಯೇ ಹೆಚ್ಚು. ತಾಳಿಕೊಳ್ಳುವಷ್ಟು ಮಟ್ಟಿಗೆ ಎದ್ದು ಓಡಾಡುತ್ತಿರಬೇಕೆಂದು ಈಗಿನ ವೈದ್ಯರು ಹೇಳುತ್ತಾರೆ. ನಾಲ್ಕನೆಯ ದಿನ ದವಾಖಾನೆಗೆ ಹೋದಾಗ ಫಿಸಿಯೋಥೆರಪಿ ವಿಭಾಗದಲ್ಲಿ ನಮಗಿಂತ ಚಿಕ್ಕ ವಯಸ್ಸಿನ ಒಬ್ಬ ಹೆಣ್ಣುಮಗಳು ನಮ್ಮನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಸದೆ ಕಾಲೆತ್ತಲು ಹೇಳಿದರು. ನೆಲದಿಂದ ಒಂದು ಮೊಳದ ಮೇಲೆ ಕಾಲು ಏಳಲೊಲ್ಲದು. "ಕಾಕಾ, ನಿಮ್ಮ ನಡು ಕೆಟ್ಟಿಲ್ಲ, ನಿಮ್ಮ ತೊಡೆ ಗಿಡ್ಡಾಗಿದೆ. ಬಗ್ಗುವ ಕೆಲಸವನ್ನೆಲ್ಲ ಪಾಪ ನಡುವೊಂದೇ ಮಾಡುತ್ತಿದೆ" ಎಂದರು. ಮೂವತ್ತೈದಕ್ಕೆ ಕಾಕಾ ಎನಿಸಿಕೊಂಡ ನೋವು ಸೊಂಟನೋವಿಗಿಂತ ಹೆಚ್ಚಾಗಿತ್ತೆಂದು ಒಪ್ಪಿಕೊಳ್ಳುತ್ತೇವೆ. ಆದರೆ ಅವರ ಮಾತು ಮನಸ್ಸಿನಲ್ಲಿ ನಿಂತಿತು. ಅವರು ಹೇಳಿಕೊಟ್ಟ ಮೂರು ಚಾಚುಗಳನ್ನು ಹಟಹಿಡಿದು ಮಾಡಿದೆವು. ಆರು ವಾರಕ್ಕೆ ಕಾಲು ಎರಡು ಮೊಳ ಎದ್ದಿತು; ವಹಿಗಳ ಕಟ್ಟನ್ನು ಈಗ ಮೊಣಕಾಲು ಬಗ್ಗಿಸಿ, ಮೈಗೆ ಹತ್ತಿರ ಹಿಡಿದು ಎತ್ತುತ್ತೇವೆ.

ಮೈ ಬಿಗಿಯುವುದೇಕೆ?

ನಮ್ಮ ದೇಹದಲ್ಲಿ ಆರುನೂರಕ್ಕೂ ಹೆಚ್ಚು ಸ್ನಾಯುಗಳಿವೆ. ಎಲುಬನ್ನು ಆಡಿಸುವ ಸ್ನಾಯುವೆಂದರೆ ಸಾವಿರಾರು ಸಣ್ಣ ಎಳೆಗಳ ಒಂದು ಹುರಿಯಿದ್ದಂತೆ. ಅದರ ತುದಿಗಳು ಗಟ್ಟಿಯಾದ ರಜ್ಜುಗಳಿಂದ ಎಲುಬಿಗೆ ಅಂಟಿಕೊಂಡಿವೆ. ಸ್ನಾಯುವಿಗೆ ಎಳೆಯುವುದು ಗೊತ್ತೇ ಹೊರತು ತಳ್ಳುವುದು ಗೊತ್ತಿಲ್ಲ. ಆದ್ದರಿಂದ ಅವು ಜೋಡಿ ಎತ್ತುಗಳಂತೆ ಕೆಲಸ ಮಾಡುತ್ತವೆ: ಒಂದು ಎಳೆದಾಗ ಎದುರಿನದು ಸಡಿಲಬೇಕು. ಸಡಿಲುವುದನ್ನು ಅದು ಮರೆತರೆ ಕೀಲು ಪೂರ್ತಿ ಆಡುವುದಿಲ್ಲ.

ಕುರ್ಚಿಯಲ್ಲಿ ಕುಳಿತವನ ತೊಡೆಯ ಬುಡದ ಮುಂಭಾಗವೂ, ತೊಡೆಯ ಹಿಂದಿನ ಸ್ನಾಯುಗಳೂ ದಿನದ ಎಂಟು ಹತ್ತು ತಾಸು ಮುದುಡಿಕೊಂಡೇ ಇರುತ್ತವೆ. ಯಾವ ಅಳತೆಯಲ್ಲಿ ಹೆಚ್ಚು ಹೊತ್ತು ಇಡುತ್ತೇವೆಯೋ ಆ ಅಳತೆಗೆ ಮೈ ಒಗ್ಗಿಕೊಳ್ಳುತ್ತದೆ. ತೊಡೆಯ ಹಿಂದಿನ ಮೂರು ಸ್ನಾಯುಗಳು ನಾವು ಕೂರುವ ಎಲುಬಿನಿಂದ ಹೊರಟು ಮೊಣಕಾಲಿನ ಕೆಳಗೆ ಹೋಗಿ ಸೇರುತ್ತವೆ. ಅವು ಬಿಗಿದಿದ್ದರೆ, ನೆಲದ ಮೇಲಿನ ವಸ್ತುವನ್ನು ಎತ್ತಲು ಬಗ್ಗಿದಾಗ ಕಟಿಯ ಎಲುಬನ್ನು ಹಿಂದಕ್ಕೆ ಹಿಡಿದು ನಿಲ್ಲಿಸುತ್ತವೆ. ಆಗ ಬಗ್ಗುವ ಭಾರವೆಲ್ಲ ಸೊಂಟದ ಕೆಳಗಂಟುಗಳ ಮೇಲೆ ಬೀಳುತ್ತದೆ.

ಕೀಲುಗಳ ವಿಷಯವೂ ಹಾಗೆಯೇ. ಕೀಲಿನ ತುದಿಗೆ ಮೆತ್ತೆಯಂತಿರುವ ಮೃದು ಎಲುಬಿಗೆ ರಕ್ತನಾಳಗಳಿಲ್ಲ. ಕೀಲು ಆಡಿದಾಗ ಒಳಗಿನ ಅಂಟುನೀರು ಅದರೊಳಕ್ಕೆ ಹೋಗಿ ಬಂದು ಪೋಷಣೆ ಮುಟ್ಟಿಸುತ್ತದೆ. ತುಕ್ಕು ಹಿಡಿಯಬಾರದೆಂದು ಬಾಗಿಲ ತಿರುಗಣಿಗೆ ನಾವು ಎಣ್ಣೆ ಬಿಡುತ್ತೇವಲ್ಲ, ಮೈಯ ತಿರುಗಣಿಗೆ ಎಣ್ಣೆ ಒಳಗೇ ಇದೆ. ಬಾಗಿಲನ್ನು ಪೂರ್ತಿ ತೆರೆದು ಮುಚ್ಚುವ ಕೆಲಸ ಮಾತ್ರ ನಮ್ಮದು.

ಇಲ್ಲಿ ಗೌಂಡಿ ಕೆಲಸದ ನಮ್ಮ ಯಾದಗಿರಿಯ ಬಂಧುವೊಬ್ಬರು ಎತ್ತಿದ ಪ್ರಶ್ನೆಯನ್ನು ಹೇಳಲೇಬೇಕು. "ಏನ್ರೀ ಸಾಹೇಬ್ರ, ಕುರ್ಚಿ ಮ್ಯಾಲ ಕುಂಡ್ರೋರಿಗೆ ಇದು ಬೇಕಾದೀತು. ದಿನಾ ಇಟ್ಟಂಗಿ ಹೊರೋ ನಮಗ ಮತ್ಯಾಕ ಕಸರತ್ತು?" ಎಂದು ಅವರು ನಗಾಡಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೂಲಿಯ ಕೆಲಸ ಮೈಯನ್ನು ಎಲ್ಲ ದಿಕ್ಕಿಗೂ ಆಡಿಸುವುದಿಲ್ಲ. ಇಟ್ಟಂಗಿ ಹೊರುವವರು ಮುಂದಕ್ಕೆ ಬಗ್ಗುತ್ತಾರೆ, ಹಿಂದಕ್ಕೆ ಬಾಗುವುದಿಲ್ಲ. ಪ್ಲಾಸ್ಟರ್ ಮಾಡುವವರ ಒಂದೇ ಕೈ ದಿನವೆಲ್ಲ ಮೇಲಿರುತ್ತದೆ. ಬಾಗಿಲು ಕಾಯುವವರ ಮೀನಖಂಡ ಹನ್ನೆರಡು ತಾಸು ಬಿಗಿದು ನಿಲ್ಲುತ್ತದೆ. ಒಂದೇ ಚಲನೆಯನ್ನು ಸಾವಿರ ಸಲ ಮಾಡಿದರೆ ಶಕ್ತಿ ಬರಬಹುದು, ಸಡಿಲ ಬರುವುದಿಲ್ಲ. "ಕೈ ಬೆನ್ನ ಹಿಂದೆ ತಂದು ಅಂಗಿ ಕೆರೆದುಕೊಳ್ಳಿ ನೋಡೋಣ" ಎಂದೆವು. ಎಡಗೈ ಹೋಯಿತು, ಬಲಗೈ ಸೊಂಟದಲ್ಲೇ ನಿಂತಿತು. ಅವರ ನಗು ನಿಂತಿತು. ಈಗ ಅವರು ನಮಗಿಂತ ಮೊದಲೇ ಗೋಡೆಗೆ ಕೈಯಿಟ್ಟು ನಿಂತಿರುತ್ತಾರೆ.

ಬೆಳ್ಳೂರಿನಿಂದ ಪುಣೆಗೆ ಬಂದ ಹುಡುಗ

ಪುಣೆಯಲ್ಲಿದ್ದುಕೊಂಡು ಮೈ ಚಾಚುವ ವಿಷಯ ಬರೆಯುವಾಗ ನಮ್ಮ ನಾಡಿನಿಂದಲೇ ಇಲ್ಲಿಗೆ ಬಂದ ಒಬ್ಬ ಮಹನೀಯರನ್ನು ನೆನೆಯದಿರಲಾಗದು. ಬಿ. ಕೆ. ಎಸ್. ಅಯ್ಯಂಗಾರರು 1918ರ ಡಿಸೆಂಬರ್ 14ರಂದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದರು. ಅದು ಇನ್ಫ್ಲುಯೆಂಜಾ ಮಾರಿ ದೇಶವನ್ನೇ ಬಡಿದ ವರ್ಷ. ಬಾಲ್ಯದಲ್ಲಿ ಅವರಿಗೆ ಮಲೇರಿಯಾ, ವಿಷಮಜ್ವರ, ಕ್ಷಯ ಎಲ್ಲವೂ ಬಂದುಹೋದವು. ಸಣಕಲು ಕೈಕಾಲಿನ, ಬಡಕಲು ಹುಡುಗ. 1934ರಲ್ಲಿ ಮೈಸೂರಿಗೆ ಅಕ್ಕನ ಮನೆಗೆ ಬಂದರು. ಭಾವ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಅದೇ 1934ರಲ್ಲಿ ಕೃಷ್ಣಮಾಚಾರ್ಯರು "ಯೋಗ ಮಕರಂದ"ವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ಬರೆದು ಪ್ರಕಟಿಸಿದರೆಂಬುದು ನಾವು ಅಭಿಮಾನದಿಂದ ನೆನೆಯಬೇಕಾದ ಸಂಗತಿ.

1937ರಲ್ಲಿ ಗುರುಗಳು ಈ ಹುಡುಗನನ್ನು ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ ಯೋಗ ಕಲಿಸಲು ಕಳಿಸಿದರು. ಆಗ ವಯಸ್ಸು ಹದಿನೆಂಟು. ಬಂದದ್ದು ಕೆಲವು ತಿಂಗಳ ಮಟ್ಟಿಗೆ, ಊರಿನ ಮಾತು ಬಾರದು, ಕೈಯಲ್ಲಿ ಹಣವಿಲ್ಲ. ಮೊದಲ ವರ್ಷಗಳಲ್ಲಿ ಹೊಟ್ಟೆಗೆ ಸರಿಯಾಗಿ ಇಲ್ಲದ ದಿನಗಳೂ ಇದ್ದವು. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಕಥೆ ಬಿಡಿಸಿ ಹೇಳಬೇಕಾದದ್ದಿಲ್ಲ. ಬಂದವರು ಇಲ್ಲಿಯೇ ನಿಂತರು. 1966ರಲ್ಲಿ ಅವರ "ಲೈಟ್ ಆನ್ ಯೋಗ" ಪುಸ್ತಕ ಹೊರಬಂದು ದೇಶದೇಶಗಳಲ್ಲಿ ಹರಡಿತು. 1975ರಲ್ಲಿ ಶಿವಾಜಿನಗರದ ಕಡೆ ಪತ್ನಿಯ ನೆನಪಿಗಾಗಿ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆ ತೆರೆಯಿತು. 2014ರಲ್ಲಿ ಪದ್ಮವಿಭೂಷಣ ಬಂತು. ಅದೇ ವರ್ಷ ಆಗಸ್ಟ್ 20ರಂದು ಪುಣೆಯಲ್ಲಿಯೇ ತಮ್ಮ ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರಿಂದ ನಮ್ಮಂಥ ಸಾಮಾನ್ಯರು ಕಲಿಯಬೇಕಾದದ್ದು ಕಷ್ಟದ ಆಸನಗಳನ್ನಲ್ಲ. ಬಗ್ಗಲಾರದವರಿಗೂ ರೋಗಿಗಳಿಗೂ ಎಟುಕುವಂತೆ ಅವರು ಮರದ ತುಂಡು, ಪಟ್ಟಿ, ಹಗ್ಗ, ಕುರ್ಚಿ, ಮಡಿಸಿದ ಕಂಬಳಿ ಇವನ್ನೆಲ್ಲ ಅಭ್ಯಾಸದೊಳಕ್ಕೆ ತಂದರು. ಕೈ ನೆಲಕ್ಕೆ ಮುಟ್ಟದಿದ್ದರೆ ನೆಲವನ್ನೇ ಒಂದು ಮರದ ತುಂಡಿನಷ್ಟು ಮೇಲಕ್ಕೆ ತನ್ನಿ ಎಂಬ ರೀತಿ ಅದು. 1979ರಲ್ಲಿ ಸ್ಕೂಟರ್ ಅಪಘಾತದಲ್ಲಿ ಪೆಟ್ಟಾದಾಗ, ಅರವತ್ತರ ಆ ಗುರುಗಳೇ ಮತ್ತೆ ಮೊದಲ ಪಾಠದಿಂದ ತಮ್ಮ ಅಭ್ಯಾಸ ಆರಂಭಿಸಬೇಕಾಯಿತು. ಅವರಿಗಿಲ್ಲದ ನಾಚಿಕೆ ನಮಗೇಕೆ?

ದೊರೆಯುವುದೇನು, ದೊರೆಯದ್ದೇನು?

ಯೋಗಾಸನ ಬೇರೆ, ಬರಿಯ ಮೈ ಚಾಚುವುದು ಬೇರೆ; ಆದರೂ ಸೊಂಟನೋವಿನ ಮಟ್ಟಿಗೆ ಇವೆರಡೂ ಬಹುದೂರದ ನಂಟರಲ್ಲ. ಅಮೆರಿಕದ ವಾಷಿಂಗ್‌ಟನ್ ರಾಜ್ಯದಲ್ಲಿ ಹಳೆಯ ಸೊಂಟನೋವಿದ್ದ 228 ಮಂದಿಯನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿಗೆ ಹನ್ನೆರಡು ವಾರ ಯೋಗದ ತರಗತಿ, ಇನ್ನೊಂದಕ್ಕೆ ಅಷ್ಟೇ ವಾರ ಮೈ ಚಾಚುವ ತರಗತಿ, ಮೂರನೆಯದಕ್ಕೆ ಓದಿಕೊಳ್ಳಲು ಒಂದು ಪುಸ್ತಕ ಮಾತ್ರ. 2011ರಲ್ಲಿ ಫಲ ಪ್ರಕಟವಾಯಿತು. ಪುಸ್ತಕದವರಿಗಿಂತ ಯೋಗದವರೂ ಚಾಚಿದವರೂ ಚೆನ್ನಾಗಿ ಸುಧಾರಿಸಿದ್ದರು. ಯೋಗಕ್ಕೂ ಚಾಚುವುದಕ್ಕೂ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ತರಗತಿಗಳ ಯೋಗಪದ್ಧತಿ ಮೇಲೆ ಹೇಳಿದ ಕೃಷ್ಣಮಾಚಾರ್ಯರ ಪರಂಪರೆಯಿಂದಲೇ ಹೋದದ್ದು. ಓದಿದವರಿಗಿಂತ ಮಾಡಿದವರಿಗೆ ಲಾಭ ಎಂಬುದು ಈ ಲೇಖನವನ್ನು ಓದುತ್ತಿರುವವರೂ ಗಮನಿಸಬೇಕಾದ ಮಾತು.

ಕ್ರಮವಾಗಿ ಚಾಚುವುದರಿಂದ ಕೀಲುಗಳು ಆಡುವ ಅಳತೆ ಹೆಚ್ಚುತ್ತದೆ, ಇದರಲ್ಲಿ ಸಂದೇಹವಿಲ್ಲ. ಮೊದಲ ಕೆಲವು ವಾರಗಳಲ್ಲಿ ಸ್ನಾಯು ಉದ್ದವಾಗುವುದಕ್ಕಿಂತ ಹೆಚ್ಚಾಗಿ, ಎಳೆತವನ್ನು ತಾಳಿಕೊಳ್ಳುವ ರೂಢಿ ನರಗಳಿಗೆ ಆಗುತ್ತದೆ. ಬಗ್ಗುವುದು, ಕುಕ್ಕರುಗಾಲಲ್ಲಿ ಕೂರುವುದು, ಮೇಲಿನ ಗೂಡಿಗೆ ಕೈ ಹಾಕುವುದು ಸಲೀಸಾಗುತ್ತದೆ. ಒಂದೇ ಭಂಗಿಯಲ್ಲಿ ಕುಳಿತು ಬರುವ ಕುತ್ತಿಗೆಯ ಬಿಗಿತ ಇಳಿಯುತ್ತದೆ. ನಿಧಾನವಾಗಿ ಉಸಿರಾಡುತ್ತ ಮಾಡುವುದರಿಂದ ಮನಸ್ಸಿಗೂ ಕೊಂಚ ನೆಮ್ಮದಿ.

ಇನ್ನು ದೊರೆಯದ್ದನ್ನೂ ಹೇಳಬೇಕು. ಚಾಚುವುದರಿಂದ ಬೊಜ್ಜು ಕರಗುವುದಿಲ್ಲ. ಅತಿಯಾಗಿ ದುಡಿದ ಮರುದಿನದ ಮೈಕೈ ನೋವು ಚಾಚಿದ ಮಾತ್ರಕ್ಕೆ ಹೇಳಿಕೊಳ್ಳುವಷ್ಟು ಕಡಿಮೆಯಾಗದೆಂದು, ಅನೇಕ ಪರೀಕ್ಷೆಗಳನ್ನು ಕೂಡಿಸಿ ನೋಡಿದ ತಜ್ಞರು 2011ರಲ್ಲಿ ತಿಳಿಸಿದ್ದಾರೆ. ಭಾರ ಎತ್ತುವ ಮುಂಚೆ ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಹೆಚ್ಚು ಎಳೆದು ಹಿಡಿದರೆ ಅದರ ಬಲ ತುಸುಹೊತ್ತು ಕುಗ್ಗುವುದೂ ಉಂಟು. ಆದ್ದರಿಂದ ಕೂಲಿಕಾರರು ಬೆಳಿಗ್ಗೆ ಕೆಲಸಕ್ಕೆ ಮುನ್ನ ಕೈಕಾಲು ಬೀಸಿ, ನಾಲ್ಕು ಹೆಜ್ಜೆ ಚುರುಕಾಗಿ ನಡೆದು ಮೈ ಬೆಚ್ಚಗೆ ಮಾಡಿಕೊಳ್ಳಲಿ. ಎಳೆದು ಹಿಡಿಯುವ ಅಭ್ಯಾಸವನ್ನು ಸಂಜೆಗಿಟ್ಟುಕೊಳ್ಳಲಿ. ಕುರ್ಚಿಯ ಮಂದಿಗೆ ಇನ್ನೊಂದು ಮಾತು: ಚಾಚುವುದು ನಡಿಗೆಗೆ ಬದಲಲ್ಲ. ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ಚಟುವಟಿಕೆಯೂ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ.

ಮಾಡುವ ಕ್ರಮ

ಹತ್ತಡಿ ಚೌಕದ ಖೋಲಿಯಲ್ಲಿ ಐದು ಜನ ಇರುವವರಿಗೂ ಸಾಧ್ಯವಾಗುವಂತೆ ಆರು ಚಾಚುಗಳನ್ನು ಆರಿಸಿದ್ದೇವೆ. ಬೇಕಾದ ಸಾಮಾನು ಒಂದು ಗೋಡೆ, ಒಂದು ಚಾಪೆ, ಒಂದು ಟವೆಲು. ಪ್ರತಿಯೊಂದರಲ್ಲೂ ಹಿತವಾದ ಎಳೆತ ತಿಳಿದಲ್ಲಿ ನಿಲ್ಲಬೇಕು. ಅರ್ಧ ನಿಮಿಷ, ಅಂದರೆ ಐದಾರು ನಿಧಾನದ ಉಸಿರು, ಹಾಗೆಯೇ ಇರಬೇಕು. ಎರಡೂ ಪಕ್ಕಕ್ಕೆ ಎರಡೆರಡು ಸಲ. ಸಮಯವಿಲ್ಲದ ದಿನ ಒಂದೊಂದೇ ಸಲ ಸಾಕು.

1. ಕುತ್ತಿಗೆ. ನೆಟ್ಟಗೆ ಕುಳಿತು ಬಲಗಿವಿಯನ್ನು ಬಲಹೆಗಲಿನ ಕಡೆಗೆ ಬಾಗಿಸಿ. ಎಡಹೆಗಲು ಮೇಲೇಳದಿರಲಿ. ಕೈಯಿಂದ ಜಗ್ಗಬೇಡಿ, ತಲೆಯ ಭಾರವೇ ಸಾಕು. ಆಮೇಲೆ ಎಡಕ್ಕೆ.

2. ಎದೆ ಮತ್ತು ಹೆಗಲು. ಬಾಗಿಲ ಚೌಕಟ್ಟಿನಲ್ಲಿ ನಿಂತು ಎರಡೂ ಮುಂಗೈಗಳನ್ನು ಚೌಕಟ್ಟಿಗೆ ಆನಿಸಿ, ಒಂದು ಹೆಜ್ಜೆ ಮುಂದಿಡಿ. ಕಂಪ್ಯೂಟರಿನ ಮುಂದೆ ಬಗ್ಗಿ ಕೂರುವವರಿಗೂ ಮೋಟಾರ್ ಸೈಕಲ್ ಓಡಿಸುವವರಿಗೂ ಇದು ಬಹಳ ಹಿತ.

3. ಬೆನ್ನು. ಗೋಡೆಯಿಂದ ಎರಡು ಹೆಜ್ಜೆ ದೂರ ನಿಂತು, ಎರಡೂ ಅಂಗೈಗಳನ್ನು ಸೊಂಟದ ಎತ್ತರಕ್ಕೆ ಗೋಡೆಗಿಟ್ಟು, ಸೊಂಟವನ್ನು ಹಿಂದಕ್ಕೆ ಜಗ್ಗುತ್ತ ಮುಂದೆ ಬಾಗಿ. ಬೆನ್ನು ಮೇಜಿನ ಹಾಗೆ ಚಪ್ಪಟೆಯಾಗಲಿ. ಮೊಣಕಾಲು ಕೊಂಚ ಮಡಿಸಿದರೂ ತಪ್ಪಿಲ್ಲ.

4. ತೊಡೆಯ ಹಿಂಭಾಗ. ಚಾಪೆಯ ಮೇಲೆ ಅಂಗಾತ ಮಲಗಿ. ಟವೆಲನ್ನು ಬಲಪಾದಕ್ಕೆ ಕುಣಿಕೆಯಂತೆ ಹಾಕಿ, ಎರಡೂ ತುದಿ ಹಿಡಿದು ಕಾಲನ್ನು ಮೇಲೆತ್ತಿ. ಎಡಗಾಲು ಮಡಿಸಿರಲಿ. ಸೊಂಟನೋವಿನ ನಮಗೆ ಎಲ್ಲಕ್ಕಿಂತ ಹೆಚ್ಚು ಗುಣ ಕೊಟ್ಟದ್ದು ಇದು.

5. ತೊಡೆಯ ಬುಡ. ಎಡಮೊಣಕಾಲನ್ನು ಮಡಿಸಿದ ಚಾದರದ ಮೇಲೆ ಊರಿ, ಬಲಪಾದವನ್ನು ಮುಂದಿಟ್ಟು, ಸೊಂಟವನ್ನು ನಿಧಾನವಾಗಿ ಮುಂದಕ್ಕೆ ತನ್ನಿ. ನಡು ಹಿಂದಕ್ಕೆ ಬಳುಕದಿರಲಿ. ಸೀರೆಯುಟ್ಟ ತಾಯಂದಿರು ಕಷ್ಟವಾದರೆ, ನಿಂತು ಒಂದು ಕಾಲನ್ನು ಹಿಂದಿಟ್ಟು ಇದನ್ನೇ ಮಾಡಬಹುದು.

6. ಮೀನಖಂಡ. ಗೋಡೆಗೆ ಕೈಯಿಟ್ಟು ಒಂದು ಕಾಲನ್ನು ಹಿಂದಿಡಿ. ಹಿಂದಿನ ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ವಾಲಿ. ನಿಂತು ಕೆಲಸ ಮಾಡುವವರು ಇದನ್ನು ಮರೆಯಬಾರದು.

ಬರೆಯುವವರು, ಟೈಪು ಮಾಡುವವರು ಇವುಗಳ ಜೊತೆಗೆ ಕೈಯನ್ನು ಮುಂದೆ ನೀಡಿ, ಅಂಗೈ ಮೇಲಾಗಿಸಿ, ಇನ್ನೊಂದು ಕೈಯಿಂದ ಬೆರಳುಗಳನ್ನು ಮೆಲ್ಲಗೆ ಕೆಳಕ್ಕೆ ಬಾಗಿಸಲಿ. ತಾಸಿಗೊಮ್ಮೆ ಕುರ್ಚಿ ಬಿಟ್ಟು ಏಳಲಿ. ಸಾಹೇಬರು ಕೇಳಿದರೆ ನೀರು ಕುಡಿಯಲೆಂದರಾಯಿತು. ನೀರು ಕುಡಿಯುವುದೂ ಒಳ್ಳೆಯದೇ.

ಎಚ್ಚರಿಕೆಗಳು

ಜಗ್ಗಬಾರದು, ಕುಪ್ಪಳಿಸಬಾರದು. ಸ್ನಾಯುವಿನೊಳಗೆ ಕಾವಲುಗಾರರಂತೆ ಸಣ್ಣ ನರದ ಅಂಗಗಳಿವೆ. ವೈದ್ಯರು ಮೊಣಕಾಲಿನ ಕೆಳಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ತಾನಾಗಿ ಎಗರುತ್ತದಲ್ಲ, ಅದು ಅವುಗಳ ಕೆಲಸ. ಹಠಾತ್ತನೆ ಎಳೆದರೆ ಅವು ಹೆದರಿ ಸ್ನಾಯುವನ್ನು ಇನ್ನಷ್ಟು ಬಿಗಿಯುತ್ತವೆ. ನಿಧಾನವಾಗಿ ಹೋದವರಿಗೆ ದಾರಿ ಬಿಡುತ್ತವೆ. ಕಣ್ಣಲ್ಲಿ ನೀರು ಬಂದರೇ ಗುಣವೆಂಬುದು ಸುಳ್ಳು.

ಕ್ಷೌರದಂಗಡಿಯಲ್ಲಿ ತಲೆ ತಿಕ್ಕಿಸಿಕೊಂಡ ಮೇಲೆ ಕುತ್ತಿಗೆಯನ್ನು ಹಿಡಿದು ಲಟಕ್ಕನೆ ತಿರುಗಿಸುವ ವಾಡಿಕೆಯುಂಟು. ಕುತ್ತಿಗೆಯಲ್ಲಿ ಮೆದುಳಿಗೆ ಹೋಗುವ ರಕ್ತನಾಳಗಳೂ ನರಗಳೂ ಇವೆ. ಅವಕ್ಕೆ ಪೆಟ್ಟಾದ ಉದಾಹರಣೆಗಳಿವೆ. ಅಣ್ಣಾ, ತಲೆ ತಿಕ್ಕಿದ್ದು ಸಾಕು, ಕುತ್ತಿಗೆ ಬೇಡ ಎಂದು ಹೇಳಿಬಿಡಿ.

ನೋವಿನ ಗುಳಿಗೆಯ ಮಾತೂ ಇದೆ. ಔಷಧದಂಗಡಿಯಲ್ಲಿ ಕೇಳಿ ತಂದ ಗುಳಿಗೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗಿ ಕೆಲಸಕ್ಕೆ ಹೋಗುವ ತರುಣರನ್ನು ನಾವು ಬಲ್ಲೆವು. ನೋವು ಅಡಗಿಸುವ ಇಂಥ ಅನೇಕ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ದಿನವೂ ತಿಂದರೆ ಹೊಟ್ಟೆಯಲ್ಲಿ ಹುಣ್ಣಾಗುವುದಲ್ಲದೆ ಮೂತ್ರಪಿಂಡಕ್ಕೂ ಕೇಡು.

ಮೇಲಿನಿಂದ ಬಿದ್ದು ಪೆಟ್ಟಾದವರು, ಎಲುಬು ಮುರಿದವರು, ಇತ್ತೀಚೆಗೆ ಶಸ್ತ್ರಕ್ರಿಯೆಯಾದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಆರಂಭಿಸಬಾರದು. ಸಕ್ಕರೆ ಕಾಯಿಲೆಯವರಲ್ಲಿ ಹೆಗಲಿನ ಕೀಲು ಬಿಗಿದುಕೊಳ್ಳುವುದು ಹೆಚ್ಚು. ಅವರು ತಡಮಾಡದೆ ತೋರಿಸಬೇಕು. ನೋವು ಸೊಂಟದಿಂದ ಮೊಣಕಾಲಿನ ಕೆಳಗಿನವರೆಗೆ ಇಳಿದು ಕಾಲು ಜೋಮು ಹಿಡಿದರೆ, ಪಾದದ ಬಲ ಕುಗ್ಗಿದರೆ, ಜ್ವರವಿದ್ದು ರಾತ್ರಿ ನೋವು ಹೆಚ್ಚಿದರೆ ದವಾಖಾನೆಗೆ ಹೋಗಬೇಕು. ಮಲಮೂತ್ರದ ಹಿಡಿತ ತಪ್ಪಿದರಂತೂ ಅದೇ ಗಳಿಗೆಯಲ್ಲಿ ಹೋಗಬೇಕು; ಇಂಥ ವೇಳೆಯಲ್ಲಿ ಒಂದು ರಾತ್ರಿ ಕಾಯುವುದೂ ಅಪಾಯ. ಇ.ಎಸ್.ಐ. ಚೀಟಿಯುಳ್ಳವರು ಇ.ಎಸ್.ಐ. ದವಾಖಾನೆಗೆ, ಇಲ್ಲದವರು ಸಸೂನ್ ಸರಕಾರಿ ಆಸ್ಪತ್ರೆಗೆ ಹೋಗಬಹುದು. ಮರಾಠಿಯಲ್ಲಿ ಹೇಳಿಕೊಳ್ಳಲು ಬಾರದಿದ್ದರೆ ವಾಚನಾಲಯಕ್ಕೆ ಬನ್ನಿ; ಚೀಟಿಯಲ್ಲಿ ಮರಾಠಿಯಲ್ಲಿ ಬರೆದುಕೊಡುತ್ತೇವೆ, ಬಿಡುವಿದ್ದವರು ಜೊತೆಗೂ ಬರುತ್ತಾರೆ.

ಕೊನೆಯ ಅರಿಕೆ

ಆರಂಭಶೂರತನ ನಮ್ಮೆಲ್ಲರ ಗುಣ. ಆದ್ದರಿಂದ ಒಂದು ಸಲಹೆ. ಇಂದು ಸಂಜೆ ಚಾಪೆಯ ಮೇಲೆ ಮಲಗಿ, ಮೊಣಕಾಲು ಮಡಿಸದೆ ಗೋಡೆಯ ಪಕ್ಕದಲ್ಲಿ ಕಾಲೆತ್ತಿ, ಹಿಮ್ಮಡಿ ಎಲ್ಲಿಯವರೆಗೆ ಹೋಯಿತೆಂದು ಜೊತೆಯವರಿಂದ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿಸಿಕೊಳ್ಳಿ. ತಾರೀಖು ಬರೆದಿಡಿ. ಆರು ವಾರ ದಿನಕ್ಕೆ ಹತ್ತು ನಿಮಿಷ ಮಾಡಿ ಮತ್ತೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಡುವಿನ ಅಂತರ ನಮ್ಮ ಈ ಲೇಖನಕ್ಕಿಂತ ಚೆನ್ನಾಗಿ ನಿಮಗೆ ತಿಳಿಸಿ ಹೇಳುತ್ತದೆ. ಮನೆಯೊಡೆಯರು ಬೈದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು.

ಪ್ರತಿ ಭಾನುವಾರ ಮುಂಜಾನೆ, ಪತ್ರಿಕೆಗಳು ಬರುವ ಮುಂಚೆ, ವಾಚನಾಲಯದ ಬೆಂಚುಗಳನ್ನು ಗೋಡೆಗೆ ಸರಿಸಿ ಜಾಗ ಮಾಡಿರುತ್ತೇವೆ. ಒಬ್ಬರೇ ಮಾಡಲು ಬೇಸರವಾಗುವವರು ಬರಬಹುದು. ಶುಲ್ಕವಿಲ್ಲ, ಪೋಷಾಕಿನ ಕಟ್ಟಳೆಯಿಲ್ಲ. ಬರುವಾಗ ಒಂದು ಟವೆಲು ತನ್ನಿ. ಊರಿನಲ್ಲಿ ನಮ್ಮ ದಾರಿ ಕಾಯುತ್ತಿರುವವರು ಹಣವನ್ನಷ್ಟೇ ಕಾಯುತ್ತಿಲ್ಲ. ಹೋದ ಮೈ ಹೋದ ಹಾಗೆಯೇ ನೆಟ್ಟಗೆ ತಿರುಗಿ ಬರಲೆಂದೂ ಕಾಯುತ್ತಿದ್ದಾರೆ.